ಹೊಲಿಗೆಯ ನೋವು ಯಾರ ಜವಾಬ್ದಾರಿ?

ಮಾನ್ಯ ಸಂಪಾದಕರೇ,

ಸಿಸೇರಿಯನ್ ಹೆರಿಗೆಗಳು ಹೆಚ್ಚುತ್ತಿರುವ ಬಗ್ಗೆ, ಅಗತ್ಯವಿಲ್ಲದಿದ್ದರೂ ಗರ್ಭಕೋಶ ತೆಗೆಯುವ ಪ್ರವೃತ್ತಿಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ನಡೆಯಲೇಬೇಕಾದ ಚರ್ಚೆ ಅದು. ಆದರೆ ಅದು ಆಪರೇಷನ್ ಬೇಕಿತ್ತೇ, ಬೇಡವಾಗಿತ್ತೇ ಎಂಬಲ್ಲಿಗೆ ಮುಗಿದುಹೋಗುತ್ತದೆ. ಸರಿಯಾದ ಕಾರಣಕ್ಕೇ ಆಪರೇಷನ್ ಮಾಡಿಸಿಕೊಂಡ ಮಹಿಳೆಯೂ, ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಪ್ರಭಾವ ಇಳಿದು ಕಾಲುಗಳಲ್ಲಿ ಮತ್ತೆ ಸ್ಪರ್ಶ ಬರುವ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಏಳುವ ನೋವನ್ನು ಒಬ್ಬಳೇ ಅನುಭವಿಸಬೇಕಾಗುತ್ತದೆ. ಹಾವೇರಿ, ಗದಗ ಭಾಗದಲ್ಲಿ ಅರಿವಳಿಕೆ ತಜ್ಞೆಯಾಗಿ ಸರ್ಕಾರಿ ಸೇವೆಯಲ್ಲಿದ್ದು, ನಿವೃತ್ತಿಯ ನಂತರ ಕೆಲಕಾಲ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲೂ ಕೆಲಸ ಮಾಡಿದ ನಾನು ಈ ಪತ್ರ ಬರೆಯುತ್ತಿರುವುದು ಆ ನೋವಿನ ಕುರಿತು. ಅದನ್ನು ಬಹುಮಟ್ಟಿಗೆ ತಗ್ಗಿಸಬಲ್ಲ ‘ನರ್ವ್ ಬ್ಲಾಕ್’ ಎಂಬ ವಿಧಾನ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನು ಇನ್ನೂ ಏಕೆ ಸರಿಯಾಗಿ ತಲುಪಿಲ್ಲ ಎಂಬುದರ ಕುರಿತು.

ಇದು ಎಷ್ಟು ಜನರ ಸಮಸ್ಯೆ ಎಂದು ಕೇಳುವವರಿಗೆ ಒಂದು ಅಂಕಿ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್, ದೇಶದ ಸರಾಸರಿ ಶೇ 21.5. ಗರ್ಭಕೋಶದ, ಅಂಡಾಶಯದ ಗಡ್ಡೆಯ, ಗರ್ಭಕೋಶ ಜಾರಿದ್ದಕ್ಕೆ ಮಾಡುವ ಆಪರೇಷನ್‌ಗಳು ಇದರ ಮೇಲೆ ಬೇರೆ. ಕುಟುಂಬ ಯೋಜನೆಯ ಆಪರೇಷನ್ ಅಂತೂ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಆಗಿದೆ. ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರುವ ಮಹಿಳೆ ಇಲ್ಲದ ಮನೆ ನಮ್ಮ ಕಡೆ ಅಪರೂಪವೇ ಸರಿ.

ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಮದ್ದಿನ ಪ್ರಭಾವ ಎರಡು, ಮೂರು ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲಿನದು ಡೈಕ್ಲೊಫೆನಾಕ್ ಇಂಜೆಕ್ಷನ್, ಪ್ಯಾರಾಸಿಟಮಾಲ್ ಡ್ರಿಪ್, ಅದಕ್ಕೂ ಬಗ್ಗದಿದ್ದರೆ ಟ್ರಮಡಾಲ್. ಟ್ರಮಡಾಲ್ ಕೊಟ್ಟಾಗ ಹಲವರಿಗೆ ವಾಕರಿಕೆ, ವಾಂತಿ ಬರುತ್ತದೆ. ಹೊಸದಾಗಿ ಹೊಲಿದ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುವುದು ಎಂಥ ಹಿಂಸೆ ಎಂಬುದನ್ನು ಅನುಭವಿಸಿದವರೇ ಹೇಳಬೇಕು. ಕೇಸ್‌ಶೀಟಿನಲ್ಲಿ ಈ ಔಷಧಗಳ ಮುಂದೆ ಸಾಮಾನ್ಯವಾಗಿ ‘ಎಸ್‌ಒಎಸ್’ ಎಂದು ಬರೆದಿರುತ್ತದೆ. ಬೇಕೆಂದರೆ ಕೊಡಿ ಎಂದು ಅದರ ಅರ್ಥ. ಬೇಕೆಂದು ಕೇಳುವವರು ಯಾರು? ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ನರ್ಸ್‌ಗಳು. ಹತ್ತಿರ ಹೋಗಿ ವಿಚಾರಿಸಿದರೆ, “ಏನಿಲ್ರೀ ಬಾಯಾರ, ಒಂಚೂರು ಬ್ಯಾನಿ ಆಗಾಕತ್ತೈತಿ, ತಡಕೋತೀನಿ” ಎಂಬ ಉತ್ತರ. ಮಂಚದ ಪಕ್ಕ ಕೂತ ಅತ್ತೆಯವರೋ ತಾಯಿಯವರೋ ಅದಕ್ಕೆ ಸೇರಿಸುತ್ತಾರೆ: “ಹಡದ ಮ್ಯಾಲೆ ಅಷ್ಟರ ಆಗಬೇಕಲ್ರೀ.” ಅದೇ ಬಾಣಂತಿಗೆ ಮಗ್ಗುಲಾಗಿ ಮಗುವಿಗೆ ಹಾಲು ಕೊಡಲು ಹೇಳಿ ನೋಡಿ. ಒಂದು ಕೈ ಮಂಚದ ಸರಳು ಹಿಡಿದಿರುತ್ತದೆ, ಇನ್ನೊಂದು ಕೈ ಸೀರೆಯ ಮಡಿಕೆಯನ್ನು ಹೊಲಿಗೆಯ ಮೇಲೆ ಒತ್ತಿಕೊಂಡಿರುತ್ತದೆ, ಉಸಿರು ಅರ್ಧಕ್ಕೇ ನಿಂತಿರುತ್ತದೆ. ನೋವಿದೆಯೇ ಎಂದು ಕೇಳುವುದಕ್ಕಿಂತ, ಕೆಮ್ಮಲು ಆಗುತ್ತದೆಯೇ, ಎದ್ದು ಕೂರಲು ಆಗುತ್ತದೆಯೇ ಎಂದು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ ಎಂಬುದನ್ನು ವಾರ್ಡಿನ ಹಿರಿಯ ನರ್ಸ್‌ಗಳು ಚೆನ್ನಾಗಿ ಬಲ್ಲರು.

ತಡೆದುಕೊಂಡರೆ ಆಯಿತಲ್ಲ ಎನ್ನುವಷ್ಟು ಇದು ಹಗುರವಾದ ವಿಷಯವಲ್ಲ. ನೋವಿಗೆ ಹೆದರಿ ಏಳದೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಬಾಣಂತಿಯರಲ್ಲಿ ಆ ಅಪಾಯ ಮೊದಲೇ ಇರುತ್ತದೆ. ದೀರ್ಘವಾಗಿ ಉಸಿರೆಳೆಯದವರ, ಕೆಮ್ಮದವರ ಎದೆಯಲ್ಲಿ ಕಫ ನಿಲ್ಲುತ್ತದೆ. ಮೊದಲ ದಿನಗಳಲ್ಲಿ ತೀವ್ರವಾಗಿ ನೊಂದವರಲ್ಲಿ, ಗಾಯ ಮಾಯ್ದು ತಿಂಗಳುಗಳಾದರೂ ಅದೇ ಜಾಗದಲ್ಲಿ ನೋವು ಉಳಿಯುವ ಸಂಭವ ಹೆಚ್ಚೆಂಬುದು ಈಗ ವೈದ್ಯಲೋಕ ಒಪ್ಪಿರುವ ಮಾತು.

ಇನ್ನು ನರ್ವ್ ಬ್ಲಾಕ್ ವಿಷಯ. ಹೆಸರು ಕೇಳಿದೊಡನೆ ನರಕ್ಕೇ ಸೂಜಿ ಚುಚ್ಚುತ್ತಾರೆಂದು ಹೆದರುವವರಿದ್ದಾರೆ, ಹಾಗಲ್ಲ. ಕಿಬ್ಬೊಟ್ಟೆಯ ಚರ್ಮ ಮತ್ತು ಸ್ನಾಯುಗಳ ನೋವನ್ನು ಮೆದುಳಿಗೆ ಒಯ್ಯುವ ನರಗಳು ಬೆನ್ನುಹುರಿಯಿಂದ ಹೊರಟು, ಪಕ್ಕೆಯನ್ನು ಬಳಸಿ, ಹೊಟ್ಟೆಯ ಗೋಡೆಯ ಒಳಗಿನ ಎರಡು ಸ್ನಾಯು ಪದರಗಳ ನಡುವೆ ಮುಂದಕ್ಕೆ ಬರುತ್ತವೆ. ಪಕ್ಕೆಲುಬಿನ ಅಂಚಿಗೂ ಸೊಂಟದ ಮೂಳೆಗೂ ನಡುವಿನ ಜಾಗದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಇಟ್ಟರೆ ಪರದೆಯ ಮೇಲೆ ಮೂರು ಪದರಗಳು ಒಂದರ ಕೆಳಗೊಂದು ಕಾಣುತ್ತವೆ. ಸೂಜಿಯ ತುದಿ ಎರಡನೆಯ ಮತ್ತು ಮೂರನೆಯ ಪದರದ ನಡುವೆ ತಲುಪಿದಾಗ ಮೊದಲು ಸ್ವಲ್ಪ ಸಲೈನ್ ಬಿಟ್ಟು ನೋಡುತ್ತೇವೆ. ಜಾಗ ಸರಿಯಿದ್ದರೆ ಪದರಗಳು ಬೇರ್ಪಟ್ಟು ನಡುವೆ ಕಪ್ಪಗಿನ ಒಂದು ಎಸಳು ಬಿಚ್ಚಿಕೊಳ್ಳುತ್ತದೆ. ಮರಗಟ್ಟಿಸುವ ಮದ್ದನ್ನು ಅಲ್ಲಿಗೆ ಬಿಡುತ್ತೇವೆ. ಇನ್ನೊಂದು ಪಕ್ಕಕ್ಕೂ ಹೀಗೆಯೇ. ಅಭ್ಯಾಸವಿದ್ದವರಿಗೆ ಎರಡೂ ಸೇರಿ ಹತ್ತು ನಿಮಿಷದ ಕೆಲಸ, ಅದೂ ಬೆನ್ನಿನ ಮದ್ದಿನ ಪ್ರಭಾವ ಇರುವಾಗಲೇ ಮಾಡುವುದರಿಂದ ರೋಗಿಗೆ ಚುಚ್ಚಿದ್ದೂ ತಿಳಿಯುವುದಿಲ್ಲ. ಇದನ್ನು ವೈದ್ಯರು ‘ಟ್ಯಾಪ್ ಬ್ಲಾಕ್’ ಎನ್ನುತ್ತಾರೆ. ಹೊಲಿಗೆಯ ನೋವು ಎಂಟು, ಹನ್ನೆರಡು ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು ತಗ್ಗಿರುತ್ತದೆ. ಬಳಸುವ ಬುಪಿವಕೇನ್ ಅಗತ್ಯ ಔಷಧಗಳ ಪಟ್ಟಿಯಲ್ಲಿರುವಂಥದು, ಯಾವ ಆಪರೇಷನ್ ಥಿಯೇಟರಿನಲ್ಲೂ ಸಿಗುವಂಥದು.

ಇದು ನಿನ್ನೆ ಮೊನ್ನೆ ಬಂದ ಪ್ರಯೋಗವೂ ಅಲ್ಲ. ಟ್ಯಾಪ್ ಬ್ಲಾಕ್‌ನ ಮೊದಲ ವಿವರಣೆ 2001ರಲ್ಲಿ ಪ್ರಕಟವಾಯಿತು. ಆಗ ಅಲ್ಟ್ರಾಸೌಂಡ್ ಇಲ್ಲದೆ, ಸೂಜಿ ಪದರ ದಾಟುವಾಗ ಕೈಗೆ ಸಿಗುವ ‘ಟಕ್’ ಎಂಬ ಅನುಭವವನ್ನು ನಂಬಿ ಕೊಡುತ್ತಿದ್ದರು. 2008ರಲ್ಲಿ ಐರ್ಲೆಂಡಿನ ವೈದ್ಯರು 50 ಸಿಸೇರಿಯನ್ ಬಾಣಂತಿಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಬ್ಲಾಕ್ ಪಡೆದವರಿಗೆ ಮೊದಲ 48 ಗಂಟೆಗಳಲ್ಲಿ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಸರಾಸರಿ 18 ಮಿಲಿಗ್ರಾಂ ಸಾಕಾಯಿತು, ಪಡೆಯದವರಿಗೆ 66 ಮಿಲಿಗ್ರಾಂ ಬೇಕಾಯಿತು.

ಇಷ್ಟು ಓದಿ, ಹಾಗಾದರೆ ಎಲ್ಲರಿಗೂ ಎಲ್ಲ ಆಪರೇಷನ್ನಿಗೂ ಇದನ್ನೇ ಕೊಡಬಹುದಲ್ಲ ಎಂದು ಯಾರೂ ತಿಳಿಯಬಾರದು. ನೋವಿನಲ್ಲಿ ಎರಡು ಬಗೆಯಿದೆ. ಕೊಯ್ದ ಚರ್ಮ, ಸ್ನಾಯುವಿನದು ಒಂದು. ಅದನ್ನು ಟ್ಯಾಪ್ ಬ್ಲಾಕ್ ಚೆನ್ನಾಗಿ ತಡೆಯುತ್ತದೆ. ಗರ್ಭಕೋಶ ಮತ್ತೆ ಕುಗ್ಗುವಾಗ, ವಿಶೇಷವಾಗಿ ಹಾಲು ಕುಡಿಸುವಾಗ, ಒಳಗಿನಿಂದ ಹಿಂಡಿದಂತೆ ಬರುವುದು ಇನ್ನೊಂದು. ಅದರ ನರಗಳ ದಾರಿಯೇ ಬೇರೆಯಾದ್ದರಿಂದ ಈ ಬ್ಲಾಕ್ ಅಲ್ಲಿ ಕೆಲಸ ಮಾಡುವುದಿಲ್ಲ, ಮಾತ್ರೆ ಇಂಜೆಕ್ಷನ್ ಬೇಕೇ ಬೇಕು. ಇನ್ನೂ ಹಿಂದೆ, ಬೆನ್ನೆಲುಬಿಗೆ ಸಮೀಪ ಕೊಡುವ ಕ್ವಾಡ್ರಾಟಸ್ ಲಂಬೊರಮ್ ಬ್ಲಾಕ್ ಒಳಗಿನ ನೋವನ್ನೂ ಸ್ವಲ್ಪ ತಗ್ಗಿಸುತ್ತದೆ ಎನ್ನುವವರಿದ್ದಾರೆ, ಆದರೆ ಅದಕ್ಕೆ ಹೆಚ್ಚಿನ ಪರಿಣತಿ ಬೇಕು. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ, ಗರ್ಭಕೋಶ ತೆಗೆದಾಗ ಟ್ಯಾಪ್ ಬ್ಲಾಕ್‌ನಿಂದ ಸಿಗುವ ಹೆಚ್ಚುವರಿ ಲಾಭ ಅಲ್ಪ. ರಂಧ್ರದ ಜಾಗಕ್ಕೆ ಮದ್ದು ಕೊಟ್ಟರೆ ಸಾಕೆನಿಸುತ್ತದೆ. ಕಾರ್ಪೊರೇಟ್ ಆಸ್ಪತ್ರೆಗಳ ಬಿಲ್ಲಿನಲ್ಲಿ ಇಂಥ ಆಪರೇಷನ್ನಿಗೂ ಬ್ಲಾಕ್‌ನ ಶುಲ್ಕ ಬೇರೆಯಾಗಿ ಸೇರಿದ್ದರೆ ಏಕೆಂದು ಕೇಳುವ ಹಕ್ಕು ರೋಗಿಗಿದೆ.

ಮುಖ್ಯವಾದ ಮಾತು ಇಲ್ಲಿದೆ. ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಮದ್ದಿನ ಜೊತೆಯಲ್ಲೇ ಅತ್ಯಲ್ಪ ಪ್ರಮಾಣದ, 100 ಮೈಕ್ರೊಗ್ರಾಂ ಆಸುಪಾಸಿನ ಮಾರ್ಫಿನ್ ಸೇರಿಸಿದರೆ ಒಳಗಿನ, ಹೊರಗಿನ ಎರಡೂ ನೋವುಗಳು ಬಹುತೇಕ ಒಂದು ದಿನ ತಗ್ಗಿರುತ್ತವೆ, ಆಗ ಟ್ಯಾಪ್ ಬ್ಲಾಕ್ ಕೊಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಹೀಗಾಗಿ ಯುರೋಪಿನ ತಜ್ಞರ ‘ಪ್ರಾಸ್ಪೆಕ್ಟ್’ ಗುಂಪು ಸಿಸೇರಿಯನ್ ನೋವಿಗೆ ಕೊಟ್ಟಿರುವ ಶಿಫಾರಸಿನಲ್ಲಿ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಬಗೆಯ ಔಷಧಗಳು ಮತ್ತು ಬೆನ್ನಿಗೆ ಕೊಡುವ ಮಾರ್ಫಿನ್‌ಗೆ ಮೊದಲ ಸ್ಥಾನವಿದೆ. ಆ ಮಾರ್ಫಿನ್ ಕೊಡದಿದ್ದಾಗ ಗಾಯಕ್ಕೆ ಮರಗಟ್ಟಿಸುವ ಮದ್ದು ಅಥವಾ ಇಂಥ ಬ್ಲಾಕ್‌ಗಳು ಎಂದಿದೆ. ನಮ್ಮ ಊರುಗಳ ವಾಸ್ತವವೇನು? 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಭಯದಿಂದ ಸಣ್ಣ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತಾದರೂ, ಬೀಗ ಹಾಕಿದ ಕಪಾಟು, ಆಂಪ್ಯೂಲ್ ಲೆಕ್ಕದ ರಿಜಿಸ್ಟರ್, ತಪಾಸಣೆಯ ಅಂಜಿಕೆ ಇವುಗಳಿಂದಾಗಿ ಅನೇಕ ಕಡೆ ಇಂದಿಗೂ ಅದು ಕಾಣಸಿಗದು. ಸಿಕ್ಕರೂ, ಮಾರ್ಫಿನ್ ಪಡೆದವರ ಉಸಿರಾಟವನ್ನು ರಾತ್ರಿಯಿಡೀ ಗಮನಿಸಲು ಜನ ಬೇಕು. ಆದ್ದರಿಂದಲೇ, ಮಾರ್ಫಿನ್ ಧಾರಾಳವಾಗಿ ಸಿಗುವ ದೇಶಗಳಿಗಿಂತ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೇ ಬ್ಲಾಕ್ ಹೆಚ್ಚು ಬೇಕಾದದ್ದು.

ಬೇಕಾದಲ್ಲಿಗೇ ಅದು ತಲುಪದಿರಲು ಒಂದು ಕಾರಣ ಅಲ್ಟ್ರಾಸೌಂಡ್ ಯಂತ್ರ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಅಡಿ ಪ್ರತಿ ಯಂತ್ರವೂ ನಿರ್ದಿಷ್ಟ ಜಾಗಕ್ಕೆ ನೋಂದಣಿಯಾಗಬೇಕು, ಅದನ್ನು ಕಾರಿನಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವಂತಿಲ್ಲ. ದಿನಕ್ಕೆ ಮೂರು ನಾಲ್ಕು ನರ್ಸಿಂಗ್ ಹೋಮ್ ಸುತ್ತುವ ಅರಿವಳಿಕೆ ತಜ್ಞರಿಗೆ ಸ್ವಂತ ಯಂತ್ರ ಅಸಾಧ್ಯ, ಪ್ರತಿ ನರ್ಸಿಂಗ್ ಹೋಮ್ ತನ್ನ ಥಿಯೇಟರಿಗೆಂದೇ ಇನ್ನೊಂದು ಯಂತ್ರ ಕೊಳ್ಳುವುದೂ ಇಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಬಯಲಾದ ಮೇಲೆ ಈ ಕಾಯ್ದೆಯನ್ನು ಸಡಿಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಸಡಿಲಿಸಲೂ ಬಾರದು. ಆದರೆ ಬ್ಲಾಕ್‌ಗೆ ಬಳಸುವ ಲೀನಿಯರ್ ಪ್ರೋಬ್ ಚರ್ಮದಡಿಯ ಕೆಲವೇ ಸೆಂಟಿಮೀಟರ್ ಆಳವನ್ನು ಸ್ಪಷ್ಟವಾಗಿ ತೋರಿಸಲು ಮಾಡಿದ್ದು. ಹೊಟ್ಟೆಯೊಳಗಿನ ಭ್ರೂಣ ನೋಡಲು ಬಳಸುವುದು ಬೇರೆಯೇ ಬಗೆಯ ಪ್ರೋಬ್. ಆ ಒಂದು ಪ್ರೋಬ್ ಬಿಟ್ಟು ಬೇರೆ ಯಾವುದನ್ನೂ ಜೋಡಿಸಲಾಗದ ಯಂತ್ರಗಳನ್ನು ಆಪರೇಷನ್ ಥಿಯೇಟರಿಗೆಂದೇ ನೋಂದಾಯಿಸುವ ಸರಳ ಕ್ರಮವೊಂದನ್ನು ಸರ್ಕಾರ ರೂಪಿಸಿದರೆ ಕಾಯ್ದೆಯ ಉದ್ದೇಶಕ್ಕೆ ಧಕ್ಕೆ ಬಾರದು. ಜಿಲ್ಲಾಸ್ಪತ್ರೆಗಳಲ್ಲಿ ಈಗಾಗಲೇ ನೋಂದಣಿಯಾಗಿರುವ ಯಂತ್ರಗಳು ರೇಡಿಯಾಲಜಿ ಕೋಣೆ ಬಿಟ್ಟು ಥಿಯೇಟರಿಗೆ ಬರುವಂತಾಗಲು ಹೊಸ ಕಾನೂನೂ ಬೇಡ, ಆಸ್ಪತ್ರೆಯ ಆವರಣದೊಳಗೇ ನಡೆಯುವ ಕೆಲಸ ಅದು. ವಿಭಾಗಗಳ ನಡುವೆ ಮಾತುಕತೆ ಆಗಬೇಕು, ಅಷ್ಟೆ.

ಯಂತ್ರವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಹೊಲಿಗೆ ಮುಗಿಸುವ ಮುನ್ನ ಶಸ್ತ್ರಚಿಕಿತ್ಸಕರೇ ಗಾಯದ ಅಂಚಿಗೆ ಬುಪಿವಕೇನ್ ಕೊಡಬಹುದು. ಕುಟುಂಬ ಯೋಜನೆ ಆಪರೇಷನ್ನಿನಲ್ಲಿ ಗರ್ಭನಾಳಗಳ ಮೇಲೆ ಮರಗಟ್ಟಿಸುವ ಮದ್ದನ್ನು ಹನಿಸಿದರೆ ನಂತರದ ಹೊಟ್ಟೆನೋವು ಕಡಿಮೆಯಾಗುತ್ತದೆ. ಸಹಜ ಹೆರಿಗೆಯಲ್ಲಿ ಕೆಳಗೆ ಕೊಯ್ದು ಹೊಲಿಯುವಾಗ, ಯೋನಿ ಮಾರ್ಗದ ಆಪರೇಷನ್‌ಗಳಲ್ಲಿ, ಪ್ಯುಡೆಂಡಲ್ ಬ್ಲಾಕ್ ಎಂಬ ಹಳೆಯ ವಿಧಾನವಿದೆ: ಒಳಗಿನಿಂದ ಬೆರಳಿಗೆ ಸಿಗುವ ಒಂದು ಮೂಳೆಯ ಮೊನೆಯೇ ಅದಕ್ಕೆ ಗುರುತು, ಯಂತ್ರ ಬೇಡವೇ ಬೇಡ. ಸ್ತ್ರೀರೋಗ ತಜ್ಞರೆಲ್ಲರೂ ಕಲಿತದ್ದೇ, ಆದರೆ ದಟ್ಟಣೆಯ ಹೆರಿಗೆ ಕೋಣೆಗಳಲ್ಲಿ ಅದು ಮರೆತೇಹೋದಂತಿದೆ. ಮರಗಟ್ಟಿಸುವ ಮದ್ದು ಹಿಡಿಯಲು ಬೇಕಾದ ಕೆಲವು ನಿಮಿಷ ಕಾಯದೆ ಹೊಲಿಗೆ ಹಾಕಲು ಶುರುಮಾಡಿ, ಕೂಗಿದವಳನ್ನು “ಸುಮ್ನಿರು, ಆಯ್ತು” ಎಂದು ಗದರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ಯಾವ ಕಾಯ್ದೆಯೂ ಅಡ್ಡಿಯಲ್ಲ.

ಅಪಾಯಗಳನ್ನು ಹೇಳದೆ ಹೊಗಳಿದರೆ ಅದು ಜಾಹೀರಾತಾಗುತ್ತದೆ. ಮರಗಟ್ಟಿಸುವ ಮದ್ದು ಮಿತಿ ಮೀರಿದರೆ ವಿಷ. ನಮ್ಮ ಬಾಣಂತಿಯರಲ್ಲಿ 45 ಕಿಲೋ ತೂಗುವವರು ಬೇಕಾದಷ್ಟಿದ್ದಾರೆ. ಬುಪಿವಕೇನ್ ಪ್ರತಿ ಕಿಲೋ ತೂಕಕ್ಕೆ 2 ಮಿಲಿಗ್ರಾಂ ದಾಟಬಾರದೆಂಬ ಎಚ್ಚರಿಕೆಯ ಲೆಕ್ಕ ಹಿಡಿದರೆ ಅಂಥವರಿಗೆ 90 ಮಿಲಿಗ್ರಾಂ ಮಿತಿ. ಶೇ 0.25ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ಇರುತ್ತದೆ. ರೂಢಿಯಂತೆ ಒಂದೊಂದು ಪಕ್ಕಕ್ಕೆ 20 ಮಿಲಿಲೀಟರ್ ಕೊಟ್ಟರೆ ಒಟ್ಟು 100 ಮಿಲಿಗ್ರಾಂ ಆಯಿತು, ಬೆನ್ನಿಗೆ ಮೊದಲೇ ಕೊಟ್ಟ ಸುಮಾರು 10 ಮಿಲಿಗ್ರಾಂ ಬೇರೆ. ಅಂದರೆ ಪುಸ್ತಕದ ಅಳತೆಯನ್ನು ಕಣ್ಣುಮುಚ್ಚಿ ಅನುಸರಿಸಿದರೆ ಮಿತಿ ದಾಟಿಹೋಗುತ್ತದೆ. ತೂಕ ನೋಡಿ, ಮದ್ದನ್ನು ತೆಳುಮಾಡಿ ಇಲ್ಲವೇ ಕಡಿಮೆ ಮಾಡಿ ಕೊಡಬೇಕು. ಗರ್ಭಿಣಿಯರ, ಬಾಣಂತಿಯರ ದೇಹ ಈ ಮದ್ದಿಗೆ ಹೆಚ್ಚು ಸೂಕ್ಷ್ಮ ಎಂಬುದನ್ನೂ ನೆನಪಿಡಬೇಕು. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು ಮೊದಲ ಸೂಚನೆಗಳು. ನಂತರ ಫಿಟ್ಸ್ ಬರಬಹುದು, ಹೃದಯದ ಬಡಿತ ಕೆಡಬಹುದು. ಇದಕ್ಕೆ ಶೇ 20ರ ಲಿಪಿಡ್ ಎಮಲ್ಷನ್ ಎಂಬ ಹಾಲಿನ ಬಣ್ಣದ ದ್ರವವನ್ನು ರಕ್ತನಾಳದ ಮೂಲಕ, ಕಿಲೋ ತೂಕಕ್ಕೆ 1.5 ಮಿಲಿಲೀಟರಿನಂತೆ ತಕ್ಷಣ ಕೊಡಬೇಕು. ಅದು ಥಿಯೇಟರಿನ ಕಪಾಟಿನಲ್ಲಿ ಇಲ್ಲದ ಆಸ್ಪತ್ರೆಯಲ್ಲಿ ಬ್ಲಾಕ್ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಕೆಲವರಲ್ಲಿ ಮದ್ದು ತೊಡೆಯ ನರದವರೆಗೆ ಹರಡಿ ಕೆಲವು ಗಂಟೆ ಕಾಲು ಸೋಲುತ್ತದೆ. ತಾನಾಗಿಯೇ ಸರಿಹೋಗುತ್ತದೆ, ಆದರೆ ಮೊದಲ ಸಲ ಶೌಚಕ್ಕೆ ಏಳುವಾಗ ಜೊತೆಗೊಬ್ಬರು ಇಲ್ಲದಿದ್ದರೆ ಬಿದ್ದಾರು.

ಎರಡನೆಯ ಕಾರಣ, ಯಂತ್ರಕ್ಕಿಂತ ದೊಡ್ಡದು, ನಮ್ಮ ಕೆಲಸದ ವ್ಯವಸ್ಥೆ. ಸಣ್ಣ ಊರಿನಲ್ಲಿ ಅರಿವಳಿಕೆ ತಜ್ಞರನ್ನು ಫೋನ್ ಮಾಡಿ ಕರೆಸುತ್ತಾರೆ. ಆಪರೇಷನ್ ಮುಗಿದು ಬಿ.ಪಿ. ಸರಿಯಿದೆ ಎಂದು ಖಾತ್ರಿಯಾದೊಡನೆ ಅವರು ಮುಂದಿನ ಆಸ್ಪತ್ರೆಗೆ ಹೊರಡುತ್ತಾರೆ, ಶುಲ್ಕವೂ ಅಲ್ಲಿಯವರೆಗಿನದೇ. ಶಸ್ತ್ರಚಿಕಿತ್ಸಕರ ಕಣ್ಣು ರಕ್ತಸ್ರಾವ, ಮೂತ್ರ, ಜ್ವರದ ಮೇಲಿರುತ್ತದೆ, ಇರಬೇಕಾದದ್ದೇ. ವೈದ್ಯರು ಬರೆದ ಆದೇಶವನ್ನು ನರ್ಸ್‌ಗಳು ಮೀರುವಂತಿಲ್ಲ. ಮೂವರೂ ತಂತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರೂ ನೋವು ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ. ಬ್ಲಾಕ್ ಕಲಿತ ಯುವ ವೈದ್ಯರು ವೈದ್ಯಕೀಯ ಕಾಲೇಜುಗಳಿಂದ ಪ್ರತಿವರ್ಷ ಹೊರಬರುತ್ತಿದ್ದಾರೆ. ಅವರು ಇಂಥ ಊರುಗಳಿಗೆ ಬಂದಾಗ ಆ ಹತ್ತು ನಿಮಿಷಕ್ಕೆ ಸಮಯವನ್ನೂ ಕೊಡದ, ಮನ್ನಣೆಯನ್ನೂ ಕೊಡದ ವ್ಯವಸ್ಥೆಯಲ್ಲಿ ಕಲಿತದ್ದನ್ನು ಬಿಟ್ಟುಬಿಡುತ್ತಾರೆ.

ಹೆರಿಗೆ ಕೋಣೆ ಮತ್ತು ಹೆರಿಗೆ ಥಿಯೇಟರುಗಳ ಗುಣಮಟ್ಟಕ್ಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮ ಆರಂಭಿಸಿದ ಮೇಲೆ ನಮ್ಮ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಸ್ವಚ್ಛತೆ, ದಾಖಲೆ, ನಡವಳಿಕೆ ಸುಧಾರಿಸಿದ್ದನ್ನು ನೋಡಿದ್ದೇನೆ. ತಪಾಸಣೆಗೆ ಬರುವವರು ಕೇಳುತ್ತಾರೆಂದರೆ ಕೆಲಸ ಆಗುತ್ತದೆ. ಹಾಗೆಯೇ ಆಪರೇಷನ್ ಆದ ಪ್ರತಿ ಮಹಿಳೆಯ ಚಾರ್ಟಿನಲ್ಲಿ ನಾಡಿ, ಬಿ.ಪಿ.ಯ ಪಕ್ಕದಲ್ಲೇ ನೋವಿಗೊಂದು ಅಂಕಣವಿರಲಿ, ಸೊನ್ನೆಯಿಂದ ಹತ್ತರವರೆಗಿನ ಅಂಕೆಯನ್ನು ಮಲಗಿದ್ದಾಗ ಒಮ್ಮೆ, ಎದ್ದು ಕೂತಾಗ ಒಮ್ಮೆ ಬರೆಯಲಿ, ಅದನ್ನು ತಪಾಸಣೆಯವರು ನೋಡಲಿ ಎಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಪ್ಯಾರಾಸಿಟಮಾಲ್ ಮತ್ತು ಡೈಕ್ಲೊಫೆನಾಕ್ ಮುಂದೆ ‘ಎಸ್‌ಒಎಸ್’ ಎಂಬುದನ್ನು ತೆಗೆದು, ಇಂತಿಷ್ಟು ಗಂಟೆಗೊಮ್ಮೆ ಎಂದು ಬರೆಯುವುದಕ್ಕೆ ಒಂದು ಪೈಸೆಯೂ ಬೇಕಿಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಏರಿದ ಬಿ.ಪಿ. ಇದ್ದವರಿಗೆ ಮಾತ್ರ ಡೈಕ್ಲೊಫೆನಾಕ್ ವಿಷಯದಲ್ಲಿ ವೈದ್ಯರು ಬೇರೆ ನಿರ್ಧಾರ ಮಾಡಬೇಕಾಗುತ್ತದೆ.

ಓದುಗರಿಗೆ ಹೇಳುವುದಿಷ್ಟು. ನಿಮ್ಮ ಮನೆಯ ಹೆಣ್ಣುಮಗಳಿಗೆ ಆಪರೇಷನ್ ನಿಗದಿಯಾದಾಗ, ಅರಿವಳಿಕೆ ತಜ್ಞರು ಪರೀಕ್ಷಿಸಲು ಬರುತ್ತಾರೆ. “ಬೆನ್ನಿನ ಮದ್ದು ಇಳಿದ ಮೇಲೆ ನೋವಿಗೆ ಏನು ಮಾಡುತ್ತೀರಿ, ಬ್ಲಾಕ್ ಕೊಡುವ ಅನುಕೂಲ ಇದೆಯೇ, ಇಲ್ಲದಿದ್ದರೆ ಗಾಯಕ್ಕೆ ಮದ್ದು ಕೊಡಿಸುತ್ತೀರಾ” ಎಂದು ಆಗಲೇ ಕೇಳಿ. ಹಿಂದೆ ಯಾವುದಾದರೂ ಇಂಜೆಕ್ಷನ್ ಅಲರ್ಜಿ ಆಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ ಮರೆಯದೆ ತಿಳಿಸಿ. ಆಸ್ಪತ್ರೆಗಳವರಿಗೆ ನನ್ನ ಕೋರಿಕೆ, ಆಪರೇಷನ್ ಆದ ಮೊದಲ 24 ಗಂಟೆ ನೋವಿನ ಹೊಣೆ ಅರಿವಳಿಕೆ ತಜ್ಞರದೇ ಎಂದು ನಿಗದಿಪಡಿಸಿ, ಅದಕ್ಕೆ ತಕ್ಕ ಶುಲ್ಕ ಕೊಡಿ, ಅವರು ಊರು ಬಿಟ್ಟಿದ್ದರೆ ರಾತ್ರಿ ಪಾಳಿಯ ನರ್ಸ್ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಹೆಸರು, ನಂಬರಿನ ಸಮೇತ ಕೇಸ್‌ಶೀಟಿನ ಮೊದಲ ಪುಟದಲ್ಲೇ ಬರೆದಿಡಿ.

ಇತಿ,
ನಿವೃತ್ತ ಅರಿವಳಿಕೆ ತಜ್ಞೆ,
ಹಾವೇರಿ